ಬೆಳಕು ಕೊಟ್ಟವರಿಗೆ ದಾರಿ ಸಿಗಲು ಅರವತ್ತು ವರ್ಷ

ಸಾಗರದಿಂದ ಸಿಗಂದೂರಿಗೆ ಹೊರಟ ಬಸ್ಸು ಹೊಳೆಬಾಗಿಲಿಗೆ ಬಂದು ನಿಂತ ಕೂಡಲೇ ಇಳಿದವರ ಬಾಯಲ್ಲಿ ಬರುತ್ತಿದ್ದ ಮಾತು ಒಂದೇ: "ಲಾಂಚು ಈಚೆ ಐತಾ, ಆಚೆ ಐತಾ?"

ಈಚೆ ಇದ್ದರೆ ಓಟ. ಕೈಚೀಲ, ಮಕ್ಕಳು, ಹಣ್ಣುಕಾಯಿ ಬುಟ್ಟಿ, ಎಲ್ಲವನ್ನೂ ಎತ್ತಿಕೊಂಡು ದಡದ ಇಳಿಜಾರಿನಲ್ಲಿ ಓಟ. ಆಚೆ ಇದ್ದರೆ ಗೂಡಂಗಡಿಯ ಚಹಾ, ಒಂದು ಬೀಡಿ, ಮತ್ತೆ ನೀರಿನ ಕಡೆ ನೋಟ. ದೂರದಲ್ಲಿ ಒಂದು ಕಪ್ಪು ಚುಕ್ಕೆ ಕಾಣಿಸಿ, ಅದು ಬೆಳೆದು ಬೆಳೆದು ದೋಣಿಯಾಗಿ, ಅದರ ಮೇಲೆ ಬಸ್ಸು, ಜೀಪು, ಸ್ಕೂಟರು, ಜನ ಎಲ್ಲಾ ಬಿಡಿಬಿಡಿಯಾಗಿ ಕಾಣಿಸುವ ತನಕ ಕಾಯಬೇಕು. ಜಾತ್ರೆ, ನವರಾತ್ರಿ, ಸಂಕ್ರಾಂತಿಯ ದಿನಗಳಲ್ಲಿ ಈ ಕಾಯುವಿಕೆ ತಾಸುಗಟ್ಟಲೆ. ಯಾತ್ರಿಕರಿಗೆ ಅದೂ ಒಂದು ಮೋಜು. ಲಾಂಚಿನ ಕಟಕಟೆಗೆ ಒರಗಿ ಫೋಟೋ ತೆಗೆಸಿಕೊಂಡು, ಗಾಳಿ ಕುಡಿದು, ಊರಿಗೆ ಹೋಗಿ "ಎಷ್ಟು ಚೆಂದ ಮಾರಾಯ್ರೆ!" ಎನ್ನುತ್ತಿದ್ದರು.

ಆದರೆ ಆಚೆ ದಡದಲ್ಲೇ ಹುಟ್ಟಿ, ಆಚೆ ದಡದಲ್ಲೇ ಬಾಳಬೇಕಾದವರಿಗೆ? ಅವರಿಗೆ ಲಾಂಚು ಮೋಜಿನ ವಾಹನವಾಗಿರಲಿಲ್ಲ. ಸಂಜೆ ಕೊನೆಯ ಟ್ರಿಪ್ಪು ಹೋಯಿತೆಂದರೆ ಅವರ ಪಾಲಿಗೆ ಊರಿನ ಬಾಗಿಲು ಮುಚ್ಚಿದಂತೆ. ಜ್ವರ ಬರಲಿ, ಹೆರಿಗೆ ನೋವು ಬರಲಿ, ಹಾವು ಕಚ್ಚಲಿ, ಬೆಳಗಾಗಬೇಕು.

ಆ ಬಾಗಿಲು 2025ರ ಜುಲೈ 14ರಂದು ತೆರೆಯಿತು. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ, ಶರಾವತಿ ಹಿನ್ನೀರಿನ ಮೇಲೆ, 2.44 ಕಿಲೋಮೀಟರ್ ಉದ್ದದ, 16 ಮೀಟರ್ ಅಗಲದ ಸೇತುವೆಯನ್ನು ಕೇಂದ್ರ ಸಚಿವ ನಿತಿನ್ ಗಡ್ಕರಿ ಉದ್ಘಾಟಿಸಿದರು. ಖರ್ಚು ಸುಮಾರು 470 ಕೋಟಿ ರೂಪಾಯಿ. ತಂತಿಗಳಿಂದ ಬಿಗಿದ ಸೇತುವೆಗಳ ಪೈಕಿ ದೇಶದಲ್ಲೇ ಉದ್ದದ ಸಾಲಿಗೆ ಸೇರುವಂಥದ್ದು ಎಂದು ಪತ್ರಿಕೆಗಳೆಲ್ಲ ಬರೆದವು.

ಉದ್ದದ ಲೆಕ್ಕ ಎಲ್ಲರೂ ಹಾಕಿದರು. ಸೇತುವೆ ಬರಲು ಹಿಡಿದ ಕಾಲದ ಲೆಕ್ಕ ಹಾಕಿದವರು ಕಡಿಮೆ.

ನೀರು ಬಂದದ್ದು ಎಲ್ಲಿಂದ?

ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಜೋಗದಲ್ಲಿ 253 ಮೀಟರ್ ಕೆಳಗೆ ಧುಮುಕಿ ಹೊನ್ನಾವರದಲ್ಲಿ ಸಮುದ್ರ ಸೇರುವ ಹೊಳೆ ಇದು. ಮೂಲದಲ್ಲಿ ಇದೇನೂ ಗಂಗೆ, ಗೋದಾವರಿಯ ಹಾಗೆ ಹರವಾದ ನದಿಯಲ್ಲ. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಎರಡು ಕಿಲೋಮೀಟರಿಗೂ ಮೀರಿ ನೀರು ಹರಡಿ ನಿಂತಿರುವುದು ಪ್ರಕೃತಿಯ ಕೆಲಸವಲ್ಲ, ಸರ್ಕಾರದ್ದು.

ಜೋಗದ ನೀರಿನಿಂದ ಕರೆಂಟು ತೆಗೆಯುವ ಮೊದಲ ದೊಡ್ಡ ಪ್ರಯತ್ನ ಮೈಸೂರು ಸಂಸ್ಥಾನದ ಕಾಲದ್ದು. ಅದಕ್ಕಾಗಿ ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಎದ್ದಿತು. ನೀರು ಹೆಚ್ಚಾದಾಗ ತಾನೇ ತಾನಾಗಿ ಹೊರಹೋಗುವಂತೆ ಸೈಫನ್‌ಗಳನ್ನು ಅಳವಡಿಸಿದ್ದ ಅಣೆಕಟ್ಟು ಅದು. 1948ರಲ್ಲಿ ಜೋಗದ ವಿದ್ಯುದಾಗಾರ ಕೆಲಸ ಶುರು ಮಾಡಿತು. ಆಗಲೇ ಒಂದಷ್ಟು ಗದ್ದೆ, ತೋಟ, ಮನೆ ನೀರಿಗೆ ಹೋದವು.

ಅದು ಸಾಲದಾಯಿತು. ಕಾರ್ಖಾನೆಗಳಿಗೆ, ಬೆಂಗಳೂರಿಗೆ, ಪಂಪುಸೆಟ್ಟುಗಳಿಗೆ ಇನ್ನೂ ಕರೆಂಟು ಬೇಕಿತ್ತು. ಕೆಳಗೆ ಲಿಂಗನಮಕ್ಕಿಯಲ್ಲಿ ಇನ್ನೂ ದೊಡ್ಡ ಅಣೆಕಟ್ಟು ಕಟ್ಟಿದರು. 1964ರಲ್ಲಿ ಅದು ಮುಗಿಯಿತು. ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಹಿಡಿಯುವ ನೀರು 150 ಟಿಎಂಸಿಗೂ ಹೆಚ್ಚು. ಮುಳುಗಿದ ನೆಲ ಸುಮಾರು 300 ಚದರ ಕಿಲೋಮೀಟರ್. ಮಡೆನೂರಿನ ಹಳೆಯ ಅಣೆಕಟ್ಟೇ ಹೊಸ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಮಳೆ ಕೈಕೊಟ್ಟ ಬೇಸಿಗೆಗಳಲ್ಲಿ ಅದು ಇವತ್ತಿಗೂ ತಲೆ ಎತ್ತುತ್ತದೆ, ನೋಡಲು ಜನ ಗಾಡಿ ಕಟ್ಟಿಕೊಂಡು ಹೋಗುತ್ತಾರೆ.

ಹಳೆಯ ಅಣೆಕಟ್ಟಿಗೆ ನೆಲ ಕೊಟ್ಟು ಮೇಲೆ ಬಂದು ಮನೆ ಕಟ್ಟಿಕೊಂಡವರಲ್ಲಿ ಕೆಲವರು ಹೊಸ ಅಣೆಕಟ್ಟಿಗೆ ಮತ್ತೆ ನೆಲ ಕೊಟ್ಟರು. ಒಂದೇ ಬದುಕಿನಲ್ಲಿ ಎರಡು ಮುಳುಗಡೆ.

ಆ ನೀರಿನಿಂದ ಶರಾವತಿ ವಿದ್ಯುದಾಗಾರದ 10 ಯಂತ್ರಗಳು ತಿರುಗುತ್ತವೆ. ಒಟ್ಟು ಸಾಮರ್ಥ್ಯ 1035 ಮೆಗಾವಾಟ್. ಒಂದು ಕಾಲದಲ್ಲಿ ರಾಜ್ಯದ ದೀಪವೆಂದರೆ ಶರಾವತಿಯ ದೀಪ. ಆ ದೀಪ ಬೆಂಗಳೂರಿನ ಬೀದಿಯಲ್ಲಿ ಝಗಝಗಿಸುತ್ತಿದ್ದ ಮೊದಲ ವರ್ಷಗಳಲ್ಲಿ ಹಿನ್ನೀರಿನ ಮನೆಗಳಲ್ಲಿ ಉರಿಯುತ್ತಿದ್ದದ್ದು ಚಿಮಣಿ ಬುಡ್ಡಿ.

ಪೂರ್ತಿ ದ್ವೀಪವೂ ಅಲ್ಲ

ನೀರು ಏರಿದ ಮೇಲೆ ಸಾಗರ ತಾಲ್ಲೂಕಿನ ಕರೂರು ಮತ್ತು ಬಾರಂಗಿ ಹೋಬಳಿಗಳ ಊರುಗಳು ತಾಲ್ಲೂಕು ಕೇಂದ್ರದಿಂದ ಕತ್ತರಿಸಿ ಹೋದವು. ತುಮರಿ, ಬ್ಯಾಕೋಡು, ಕಳಸವಳ್ಳಿ, ಸಿಗಂದೂರು. ಜನ ಇದನ್ನು ದ್ವೀಪ ಎನ್ನುತ್ತಾರೆ. ಭೂಗೋಳದ ಲೆಕ್ಕಕ್ಕೆ ಇದು ಪೂರ್ತಿ ದ್ವೀಪವಲ್ಲ. ಮುಂದೆ ಹಿನ್ನೀರು, ಬೆನ್ನಿಗೆ ಘಟ್ಟದ ಕಾಡು. ಕಾಡಿನ ಕಡೆಯಿಂದ ರಸ್ತೆ ಇದೆ. ಆದರೆ ಕೋಗಾರು, ಕಾರ್ಗಲ್, ಜೋಗ ಸುತ್ತಿ ಸಾಗರ ಮುಟ್ಟಬೇಕಾದರೆ 80 ಕಿಲೋಮೀಟರ್ ಆಸುಪಾಸು. ಮಳೆಗಾಲದಲ್ಲಿ ಮರ ಬಿದ್ದರೆ, ಧರೆ ಕುಸಿದರೆ, ಅದೂ ಇಲ್ಲ.

ಹಾಗಾಗಿ ಲಾಂಚು. ಒಳನಾಡು ಜಲಸಾರಿಗೆ ನೋಡಿಕೊಳ್ಳುವ ಇಲಾಖೆಯವರು ನಡೆಸುತ್ತಿದ್ದ ಈ ದೋಣಿಯಲ್ಲಿ ಬಸ್ಸೂ ಏರುತ್ತಿತ್ತು, ಗೊಬ್ಬರದ ಮೂಟೆಯೂ ಏರುತ್ತಿತ್ತು, ದಿಬ್ಬಣವೂ ಏರುತ್ತಿತ್ತು. ಹಾಗೆಯೇ ಹೆಣವೂ. ಹಸಿರುಮಕ್ಕಿ, ಮುಪ್ಪಾನೆಗಳಲ್ಲೂ ಲಾಂಚು ಇತ್ತು. ಆದರೆ ಜನಸಂದಣಿಯ ಲಾಂಚು ಎಂದರೆ ಹೊಳೆಬಾಗಿಲಿನದು. ಸಿಗಂದೂರು ಚೌಡೇಶ್ವರಿಯ ಹೆಸರು ನಾಡಿನಲ್ಲೆಲ್ಲ ಹರಡಿದ ಮೇಲಂತೂ ಊರವರು ತಮ್ಮದೇ ಲಾಂಚಿನಲ್ಲಿ ಜಾಗ ಸಿಗದೆ ದಡದಲ್ಲಿ ನಿಲ್ಲಬೇಕಾಗಿ ಬಂತು. ಕೋರ್ಟಿಗೆ ಹೋಗುವವ, ಕಾಲೇಜಿಗೆ ಹೋಗುವ ಹುಡುಗಿ, ಅಡಿಕೆ ಮಂಡಿಗೆ ಹೊರಟ ರೈತ, ಎಲ್ಲರೂ ಪ್ರವಾಸಿಗಳ ಕಾರುಗಳ ಹಿಂದೆ ಸರತಿ.

ಸಾಗರದ ಕಚೇರಿಯಲ್ಲಿ ಒಂದು ಸಹಿಗಾಗಿ ಹೋದವನಿಗೆ "ಸಾಹೇಬರು ಊಟಕ್ಕೆ ಹೋಗಿದ್ದಾರೆ, ನಾಲ್ಕು ಗಂಟೆಗೆ ಬಾ" ಅಂದರೆ ಅವನ ದಿನ ಮುಗಿದ ಹಾಗೆಯೇ. ನಾಲ್ಕು ಗಂಟೆಯ ಸಹಿ ಹಿಡಿದು ಹೊರಟರೆ ಕೊನೆಯ ಲಾಂಚು ಸಿಕ್ಕೀತೋ ಇಲ್ಲವೋ. ಸಹಿ ಬಿಟ್ಟು ಲಾಂಚು ಹಿಡಿದವರು ಎಷ್ಟೋ ಮಂದಿ. ಲಾಂಚು ಬಿಟ್ಟು ಸಾಗರದ ಬಸ್ ಸ್ಟ್ಯಾಂಡಿನಲ್ಲಿ ರಾತ್ರಿ ಕಳೆದವರೂ ಕಡಿಮೆ ಇಲ್ಲ.

ಮೇಷ್ಟ್ರು, ಡಾಕ್ಟರು, ನರ್ಸು ಯಾರಿಗೇ ತುಮರಿ ಕಡೆ ವರ್ಗವಾದರೂ ಅದು ಶಿಕ್ಷೆಯ ವರ್ಗಾವಣೆ. ಆರ್ಡರು ಕೈಗೆ ಬಂದ ದಿನದಿಂದಲೇ ರದ್ದು ಮಾಡಿಸುವ ಓಡಾಟ ಶುರು. ಆಚೆ ದಡದ ಹುಡುಗನಿಗೆ ಹೆಣ್ಣು ಕೊಡುವುದಕ್ಕೂ ಈಚೆ ದಡದವರು ಎರಡು ಸಲ ಯೋಚಿಸುತ್ತಿದ್ದರು. "ಹುಡುಗ ಒಳ್ಳೇವ್ನೇ, ತೋಟನೂ ಐತೆ, ಆದ್ರೆ ಹೊಳೆ ದಾಟ್ಬೇಕಲ್ಲ!"

ಲಾಂಚಿಗೂ ತನ್ನದೇ ತೊಂದರೆ. ನೀರು ತುಂಬಿದಾಗ ಗಾಳಿ, ಅಲೆ. ನೀರು ಇಳಿದಾಗ ಕೆಸರು, ಮುಳುಗಿದ ಕಾಲದ ಮರದ ಬೊಡ್ಡೆಗಳು. ಬೇಸಿಗೆಯಲ್ಲಿ ಬಸ್ಸು, ಲಾರಿ ಹತ್ತಿಸುವುದನ್ನು ನಿಲ್ಲಿಸುವುದು ಮಾಮೂಲಾಗಿತ್ತು. 2023ರ ಜೂನಿನಲ್ಲಿ ಮುಂಗಾರು ತಡವಾಗಿ ನೀರಿನ ಮಟ್ಟ ಕುಸಿದಾಗ ವಾಹನ ಸಾಗಿಸುವುದನ್ನೇ ನಿಲ್ಲಿಸಬೇಕಾಯಿತು. ನೀರು ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ನೀರು ಎಷ್ಟಿರಬೇಕು ಎಂದು ತೀರ್ಮಾನಿಸುವವರು ಮಾತ್ರ ಹಿನ್ನೀರಿನವರಲ್ಲ. ಅದು ಕರೆಂಟಿನ ಲೆಕ್ಕ.

ಅಣೆಕಟ್ಟಿಗೆ ಆತುರ, ಸೇತುವೆಗೆ ನಿಧಾನ

ಲಿಂಗನಮಕ್ಕಿ ಅಣೆಕಟ್ಟೂ ಎರಡು ಕಿಲೋಮೀಟರಿಗೂ ಉದ್ದ, ಈ ಸೇತುವೆಯೂ ಎರಡು ಕಿಲೋಮೀಟರಿಗೂ ಉದ್ದ. ನೀರು ನಿಲ್ಲಿಸುವ ಕಟ್ಟಡಕ್ಕೆ ಅರವತ್ತರ ದಶಕದಲ್ಲೇ ಹಣ ಸಿಕ್ಕಿತು, ಇಂಜಿನಿಯರುಗಳು ಸಿಕ್ಕಿದರು, ಸಿಮೆಂಟು ಸಿಕ್ಕಿತು. ನಿಂತ ನೀರನ್ನು ದಾಟುವ ಕಟ್ಟಡಕ್ಕೆ ಅದೇ ಸರ್ಕಾರಗಳ ಬಳಿ ಅರವತ್ತು ವರ್ಷ ಹಣವಿರಲಿಲ್ಲ.

ಸಾಗರ ಸೀಮೆ ಬಾಯಿ ಇಲ್ಲದವರ ಸೀಮೆಯಲ್ಲ. 1951ರಲ್ಲಿ ಕಾಗೋಡಿನ ರೈತರು ಗೇಣಿಯ ವಿಷಯಕ್ಕೆ ಸತ್ಯಾಗ್ರಹ ಮಾಡಿದಾಗ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದ ನೆಲ ಇದು. ಶಾಂತವೇರಿ ಗೋಪಾಲಗೌಡರು ವಿಧಾನಸಭೆಯಲ್ಲಿ ಪ್ರತಿನಿಧಿಸಿದ ನೆಲ. ಆದರೂ ಹಿನ್ನೀರಿನವರ ಕೂಗು ದಡ ದಾಟಲಿಲ್ಲ. ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಎರಡು ಹೋಬಳಿಯ ಓಟು ಎಷ್ಟು? ನೂರಾರು ಕೋಟಿ ಸುರಿದರೆ ಎಷ್ಟು ಓಟು ಬರುತ್ತದೆ? ಈ ಲೆಕ್ಕದಲ್ಲಿ ಕರೂರು, ಬಾರಂಗಿ ಯಾವಾಗಲೂ ಸೋಲುತ್ತಿದ್ದವು. ಜೊತೆಗೆ ಸುತ್ತಲೂ ಅಭಯಾರಣ್ಯ. ಒಂದು ಕಲ್ಲು ಕದಲಿಸಬೇಕಾದರೂ ಕಾಡಿನ ಕಾನೂನು ಎದುರಿಗೆ ಬರುತ್ತದೆ.

ಮನವಿ, ಧರಣಿ, ಪಾದಯಾತ್ರೆ ಎಲ್ಲ ಆಯಿತು. ಪ್ರತಿ ಎಲೆಕ್ಷನ್ನಿನಲ್ಲೂ ಅಭ್ಯರ್ಥಿಗಳು ಲಾಂಚು ಹತ್ತಿ ಬಂದು "ಮುಂದಿನ ಸಲ ಸೇತುವೆ ಮೇಲೆ ಬರ್ತೀವಿ" ಅಂದರು. ಮುಂದಿನ ಸಲವೂ ಲಾಂಚಿನಲ್ಲೇ ಬಂದರು.

ಕೊನೆಗೆ ಈ ದಾರಿಯನ್ನು ರಾಷ್ಟ್ರೀಯ ಹೆದ್ದಾರಿ 369ಇ ಎಂದು ಸೇರಿಸಿದ ಮೇಲೆ ಕೇಂದ್ರದ ಹಣಕ್ಕೆ ದಾರಿ ತೆರೆಯಿತು. 2018ರ ಫೆಬ್ರವರಿಯಲ್ಲಿ ಗಡ್ಕರಿಯವರೇ ಅಡಿಗಲ್ಲು ಹಾಕಿದರು. ಕೆಲಸ ನೀರಿಗಿಳಿದದ್ದು 2019ರ ಕೊನೆಯ ಹೊತ್ತಿಗೆ. ಗುತ್ತಿಗೆ ಹಿಡಿದದ್ದು ದಿಲೀಪ್ ಬಿಲ್ಡ್‌ಕಾನ್ ಕಂಪನಿ. ಇನ್ನೇನು ಕಂಬಗಳು ಏಳಬೇಕು ಎನ್ನುವಾಗ 2020ರಲ್ಲಿ ಕೋವಿಡ್ ಬಂದು ದೇಶಕ್ಕೇ ಬೀಗ ಬಿತ್ತು.

ನೀರಿನಲ್ಲಿ ಕಂಬ ನೆಡುವುದೆಂದರೆ

ಸಾಮಾನ್ಯ ಹೊಳೆಗೆ ಸೇತುವೆ ಕಟ್ಟುವವರು ಬೇಸಿಗೆ ಕಾಯುತ್ತಾರೆ. ನೀರು ಇಳಿದಾಗ ಮರಳಿನಲ್ಲಿ ದಿಣ್ಣೆ ಹಾಕಿ, ಒಣ ನೆಲದಲ್ಲೇ ಅಡಿಪಾಯ ಮುಗಿಸಿ, ಮಳೆ ಬರುವಷ್ಟರಲ್ಲಿ ಮೇಲೆ ಬರುತ್ತಾರೆ. ಹಿನ್ನೀರಿನಲ್ಲಿ ಆ ಅನುಕೂಲವಿಲ್ಲ. ಇಲ್ಲಿ ಬೇಸಿಗೆಯಲ್ಲೂ ನಡುನೀರು ನೀರಾಗಿಯೇ ಇರುತ್ತದೆ. ಮಳೆಗಾಲದಲ್ಲಿ ಅದೇ ನೀರು ಹತ್ತಾರು ಅಡಿ ಏರುತ್ತದೆ. ಇಂದು ದೋಣಿ ಕಟ್ಟಿದ ಗೂಟ ಮುಂದಿನ ತಿಂಗಳು ನೀರಿನೊಳಗೆ.

ಇಂಥ ಕಡೆ ಕೆಲಸ ನಡೆಯುವುದು ತೇಲುವ ಕಟ್ಟೆಗಳ ಮೇಲೆ. ದೊಡ್ಡ ಕಬ್ಬಿಣದ ತೆಪ್ಪದ ಮೇಲೆ ಕ್ರೇನು, ಕೊರೆಯುವ ಯಂತ್ರ. ಮೊದಲು ಉದ್ದನೆಯ ಉಕ್ಕಿನ ಕೊಳವೆಯನ್ನು ನೀರಿನ ತಳದ ಕೆಸರಿನೊಳಗೆ ಇಳಿಸುತ್ತಾರೆ. ಕೊಳವೆಯೊಳಗಿಂದ ಮಣ್ಣು ತೆಗೆದು ಗಟ್ಟಿ ಬಂಡೆ ಸಿಗುವವರೆಗೆ, ಬಂಡೆಯಲ್ಲೂ ಒಂದಷ್ಟು ಆಳ ಕೊರೆಯುತ್ತಾರೆ. ಕಬ್ಬಿಣದ ಸರಳುಗಳ ಪಂಜರ ಇಳಿಸುತ್ತಾರೆ. ಆಮೇಲೆ ಕಾಂಕ್ರೀಟು. ಅದನ್ನು ಮೇಲಿನಿಂದ ಸುರಿದರೆ ಸಿಮೆಂಟೆಲ್ಲ ನೀರಿಗೆ ಕದಡಿ ಹೋಗುತ್ತದೆ. ಹಾಗಾಗಿ ಸಪೂರ ಪೈಪನ್ನು ತಳದ ತನಕ ಬಿಟ್ಟು, ಬುಡದಿಂದ ತುಂಬಿಸುತ್ತಾ ಬರುತ್ತಾರೆ. ಕಾಂಕ್ರೀಟು ಮೇಲೇರಿದಂತೆ ಒಳಗಿನ ನೀರು ತಾನಾಗಿ ಹೊರಗೆ ಹೋಗುತ್ತದೆ. ನಡುವೆ ಒಮ್ಮೆ ನಿಲ್ಲಿಸಿದರೂ ಆ ಕಂಬ ಕೆಟ್ಟ ಹಾಗೆ. ರಾತ್ರಿ ಎರಡು ಗಂಟೆಯಾದರೂ, ಮಳೆ ಹೊಡೆದರೂ, ತುಂಬಿ ಮುಗಿಸಲೇಬೇಕು.

ಇಂಥ ಹಲವು ಕಂಬಗಳನ್ನು ಒಟ್ಟು ಸೇರಿಸಿ ತಲೆಯ ಮೇಲೆ ಒಂದು ದಪ್ಪ ಕಾಂಕ್ರೀಟು ಹಾಸು. ಅದರ ಮೇಲೆ ನಿಲ್ಲುವುದೇ ಹೊರಗೆ ನಮಗೆಲ್ಲ ಕಾಣುವ ದೊಡ್ಡ ಕಂಬ. ಗಂಗೆಯಂಥ ನದಿಗಳಲ್ಲಿ ಮರಳು ಆಳಕ್ಕಿರುತ್ತದೆ, ಪ್ರವಾಹ ಬಂದರೆ ಕಂಬದ ಬುಡದ ಮರಳೇ ಕೊಚ್ಚಿಹೋಗುತ್ತದೆ. ಅದಕ್ಕೇ ಅಲ್ಲಿ ಭಾರೀ ಬಾವಿಗಳನ್ನು ಇಳಿಸಿ ಅಡಿಪಾಯ ಮಾಡುತ್ತಾರೆ. ಮಲೆನಾಡಿನಲ್ಲಿ ಕೆಳಗೆ ಬಂಡೆಯಿದೆ. ನಿಂತ ನೀರಾದ್ದರಿಂದ ಸೆಳವಿನ ಕಾಟವೂ ಅಷ್ಟಿಲ್ಲ. ಕಾಟ ಕೊಡುವುದು ಇಲ್ಲಿಯ ಮಳೆ ಮತ್ತು ಗಾಳಿ. ಸಾಗರ ಸೀಮೆಯ ಆಷಾಢದ ಗಾಳಿ ಗೊತ್ತಿದ್ದವರಿಗೆ, ನಡುನೀರಿನ ತೆಪ್ಪದ ಮೇಲೆ ಕ್ರೇನಿನಲ್ಲಿ ಟನ್ನುಗಟ್ಟಲೆ ಭಾರ ನೇತುಹಾಕಿ ನಿಲ್ಲುವುದೆಂದರೆ ಏನು ಎಂದು ಬಿಡಿಸಿ ಹೇಳಬೇಕಿಲ್ಲ.

ಮೇಲಿನ ಹಾಸು ಕಟ್ಟುವ ರೀತಿ ಇನ್ನೂ ಸ್ವಾರಸ್ಯ. ನಡುಭಾಗದಲ್ಲಿ ಕೆಳಗಿನಿಂದ ಊರುಗೋಲು ಕೊಟ್ಟು ಸ್ಲ್ಯಾಬು ಹಾಕುವ ಹಾಗಿಲ್ಲ, ಕೆಳಗೆ ಇರುವುದು ನೀರು. ಆದ್ದರಿಂದ ಒಂದೊಂದು ಕಂಬದ ತಲೆಯಿಂದ ಎರಡೂ ಕಡೆಗೆ ಸಮಸಮನಾಗಿ ತುಂಡು ತುಂಡಾಗಿ ಚಾಚುತ್ತಾ ಹೋಗುತ್ತಾರೆ. ಎಡಕ್ಕೆ ಒಂದು ತುಂಡು ಸೇರಿದರೆ ಬಲಕ್ಕೂ ಒಂದು. ಹೆಗಲ ಮೇಲೆ ಕಾವಡಿ ಹೊತ್ತವನ ಹಾಗೆ. ಒಂದು ಬದಿಯ ಭಾರ ಹೆಚ್ಚಾದರೆ ಹೆಗಲು ವಾಲುತ್ತದೆ. ಒಳಗೆ ಉಕ್ಕಿನ ಹುರಿಗಳನ್ನು ಎಳೆದು ಬಿಗಿದು ತುಂಡುಗಳನ್ನು ಒಂದಕ್ಕೊಂದು ಕಚ್ಚಿಸುತ್ತಾರೆ. ಹೀಗೆ ಈ ಕಂಬದಿಂದ ಹೊರಟ ಕೈ, ಆ ಕಂಬದಿಂದ ಹೊರಟ ಕೈ, ನಡುನೀರಿನ ಮೇಲೆ ಬಂದು ಹಸ್ತಲಾಘವ ಮಾಡಬೇಕು. ಅಂಗುಲ ಹೆಚ್ಚು ಕಡಿಮೆಯಾದರೂ ತಲೆನೋವು.

ದೊಡ್ಡ ಅಂತರಗಳಿರುವ ಕಡೆ ಕಂಬದ ಮೇಲೆ ಗಿಡ್ಡ ಗೋಪುರ ಎಬ್ಬಿಸಿ, ಅದರಿಂದ ಓರೆಯಾಗಿ ತಂತಿಗಳನ್ನು ಇಳಿಸಿ ಹಾಸನ್ನು ಹಿಡಿದಿದ್ದಾರೆ. ದೂರದಿಂದ ನೋಡಿದರೆ ನೀರಿನ ಮೇಲೆ ಬಿಚ್ಚಿದ ಬೀಸಣಿಗೆಗಳ ಹಾಗೆ ಕಾಣುವುದು ಇವೇ. ಅಲಂಕಾರಕ್ಕೆಂದು ಹಾಕಿದವಲ್ಲ. ಹಾಸಿನ ಭಾರದಲ್ಲಿ ಒಂದು ಪಾಲನ್ನು ಇವು ಹೊರುತ್ತವೆ. ಅದರಿಂದ ಕಂಬಗಳ ನಡುವಿನ ಅಂತರ ಹೆಚ್ಚಿಸಬಹುದು, ನೀರಿನೊಳಗಿನ ಕೆಲಸ ಕಡಿಮೆಯಾಗುತ್ತದೆ. ಎಲ್ಲಾ ಮುಗಿದ ಮೇಲೆ ಭಾರ ತುಂಬಿದ ಲಾರಿಗಳನ್ನು ಮೇಲೆ ಸಾಲಾಗಿ ನಿಲ್ಲಿಸಿ, ಹಾಸು ಎಷ್ಟು ಬಾಗಿತು, ಲಾರಿ ತೆಗೆದಾಗ ಮೊದಲಿನ ಮಟ್ಟಕ್ಕೆ ಬಂತೋ ಇಲ್ಲವೋ ಎಂದು ಅಳೆದು ನೋಡುತ್ತಾರೆ.

ಈ ಕೆಲಸ ಮಾಡಿದ ಕೂಲಿಕಾರರು ಊರು ಬಿಟ್ಟು ಬಂದು ತಗಡಿನ ಶೆಡ್ಡಿನಲ್ಲಿ ಮಲೆನಾಡಿನ ಮಳೆಗಾಲಗಳನ್ನು ಕಳೆದವರು. ಉದ್ಘಾಟನೆಯ ಕಲ್ಲುಗಳಲ್ಲಿ ಇವರ ಹೆಸರಿಗೆ ಜಾಗವಿರುವುದಿಲ್ಲ. ಮುಳುಗಡೆಯವರ ಹೆಸರಿಗೂ ಇರುವುದಿಲ್ಲ.

ಯಾರ ಸೇತುವೆ?

ಜಾಗ ಸಿಗುವವರಿಗೆ ಜಗಳಕ್ಕೆ ಕಾರಣ ಬೇಕಿಲ್ಲ. ಉದ್ಘಾಟನೆಯ ದಿನ ರಾಜ್ಯದ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬರಲಿಲ್ಲ. ತಮ್ಮನ್ನು ಕೇಳದೆ ದಿನ ಗೊತ್ತು ಮಾಡಿದ್ದಾರೆ, ಮುಂದೂಡಿ ಎಂದರೂ ಕೇಳಲಿಲ್ಲ ಎಂಬುದು ಅವರ ದೂರು. ಆಮಂತ್ರಣ ಕಳಿಸಿದ್ದೇವೆ, ಪತ್ರ ಇಲ್ಲಿದೆ ನೋಡಿ ಎಂದು ಗಡ್ಕರಿಯವರ ಉತ್ತರ. ಸೇತುವೆಗೆ ಮೊದಲು ಕೇಳಿದವರು ಯಾರು, ಹಣ ತಂದವರು ಯಾರು ಎಂದು ಪಕ್ಷಗಳ ನಡುವೆ ವಾದವೋ ವಾದ.

ಅರವತ್ತು ವರ್ಷ ಸೇತುವೆ ಆಗದೆ ಇದ್ದದ್ದಕ್ಕೆ ಕಾರಣ ನಾನು ಎಂದು ಹೇಳಿಕೊಳ್ಳಲು ಮಾತ್ರ ಯಾರೂ ಮುಂದೆ ಬರಲಿಲ್ಲ. ಆ ವರ್ಷಗಳಲ್ಲಿ ಎಲ್ಲಾ ಪಕ್ಷದವರೂ ವಿಧಾನಸೌಧದಲ್ಲಿ ಕುಳಿತು ಎದ್ದಿದ್ದಾರೆ.

ತುಮರಿ ಕಡೆಯ ಹಿರಿಯರಿಗೆ ಈ ವಾದ ಬೇಕಿರಲಿಲ್ಲ. ಮುಳುಗಡೆಯ ವರ್ಷ ಅಪ್ಪನ ಹೆಗಲ ಮೇಲೆ ಕೂತು ಗುಡ್ಡ ಹತ್ತಿದ ಮಕ್ಕಳು ಈಗ ಅರವತ್ತು ದಾಟಿದ ಅಜ್ಜಂದಿರು. ಅವರಿಗೆ ಬೇಕಿದ್ದದ್ದು ಕಾಲು ಗಟ್ಟಿ ಇರುವಾಗಲೇ ಒಮ್ಮೆ ನೀರಿನ ಮೇಲೆ ನಡೆದು ಆಚೆ ಹೋಗುವುದು. ಅವರ ಅಪ್ಪಂದಿರಿಗೆ ಅದು ಸಿಗಲಿಲ್ಲ.

ಸೇತುವೆ ಬಂತು, ಮುಂದೆ?

ಸೇತುವೆ ತೆರೆದ ಮೇಲೆ ಬಸ್ಸು, ಕಾರು ನೇರ ಸಿಗಂದೂರಿಗೆ ಹೋಗುವಂತಾಯಿತು. ಅಲ್ಲಿಂದ ಕೊಲ್ಲೂರಿನ ಕಡೆಗೂ ದಾರಿ ಹತ್ತಿರವಾಯಿತು. ಆಂಬುಲೆನ್ಸಿಗೆ ರಾತ್ರಿ ಹಗಲಿನ ಭೇದ ಉಳಿಯಲಿಲ್ಲ. ಇದೊಂದೇ ಸಾಕು, ಈ ಸೇತುವೆಗೆ ಹಾಕಿದ ದುಡ್ಡು ದಂಡವಲ್ಲ ಎನ್ನಲು.

ಆದರೆ ಸಂತೋಷದ ಹಿಂದೆಯೇ ಕೆಲವು ಪ್ರಶ್ನೆಗಳು ನಿಂತಿವೆ.

ಮೊದಲನೆಯದು ಲಾಂಚಿನವರದ್ದು. ಮಳೆ, ಗಾಳಿ, ಕೆಸರು ಎನ್ನದೆ ದಶಕಗಳ ಕಾಲ ಜನರನ್ನು ದಾಟಿಸಿದವರು ಅವರು. ದಡದ ಗೂಡಂಗಡಿಯವರ ಚಹಾ ಮಾರಾಟವಾಗುತ್ತಿದ್ದದ್ದು ಜನ ಕಾಯುತ್ತಿದ್ದರು ಎಂಬ ಒಂದೇ ಕಾರಣಕ್ಕೆ. ಕಾಯುವಿಕೆ ತಪ್ಪಿತು ಎಂದರೆ ಇವರ ಹೊಟ್ಟೆಪಾಡೂ ತಪ್ಪಿತು. ಒಂದು ಮುಳುಗಡೆಗೆ ಪರಿಹಾರ ಕೊಡುವಾಗ ಇನ್ನೊಂದು ಸಣ್ಣ ಮುಳುಗಡೆ ಆಗಬಾರದು.

ಎರಡನೆಯದು ಡಾಕ್ಟರದ್ದು. ಸೇತುವೆ ಎಂದರೆ ರೋಗಿಯನ್ನು ಸಾಗರಕ್ಕೆ ಸಾಗಿಸುವ ಅನುಕೂಲ ನಿಜ. ಆದರೆ "ಈಗ ಸೇತುವೆ ಇದೆಯಲ್ಲ, ಸಾಗರಕ್ಕೇ ಹೋಗಿ" ಎಂದು ತುಮರಿ, ಬ್ಯಾಕೋಡಿನ ಆಸ್ಪತ್ರೆ, ಶಾಲೆಗಳನ್ನು ಸೊರಗಿಸಿದರೆ? ಡಾಕ್ಟರು, ಮೇಷ್ಟ್ರು ಈಗ ಸೇತುವೆ ದಾಟಿ ಬರಲು ನೆವ ಹೇಳುವ ಹಾಗಿಲ್ಲ. ಬರುವಂತೆ ನೋಡಿಕೊಳ್ಳುವುದು ಸರ್ಕಾರದ ಕೆಲಸ.

ಮೂರನೆಯದು ನೆಲದ್ದು. ನೀರು ಅಡ್ಡ ಇದ್ದಾಗ ಆಚೆ ದಡದ ನೆಲಕ್ಕೆ ಕೇಳುವವರು ಕಡಿಮೆ. ದಾರಿ ಆದ ಮೇಲೆ ದುಡ್ಡಿನ ಚೀಲ ಹಿಡಿದವರು ಬಂದೇ ಬರುತ್ತಾರೆ. ಹಿನ್ನೀರಿನ ನೋಟ, ಹಸಿರು ಗುಡ್ಡ, ರೆಸಾರ್ಟಿಗೆ ಹೇಳಿ ಮಾಡಿಸಿದ ಜಾಗ. ತಮ್ಮ ನೆಲಕ್ಕೆ ಗಟ್ಟಿ ಕಾಗದ ಇಲ್ಲದವರು ಅವರ ಎದುರು ಏನು ನಿಂತಾರು?

ಕಾಗದದ ಮಾತು ಬಂದರೆ ಅದು ಇನ್ನೂ ಹಳೆಯ ಗಾಯ. ಜನ ಗುಡ್ಡ ಹತ್ತಿದ್ದು 1964ರ ಹೊತ್ತಿಗೆ. ಉಳುವವನಿಗೇ ಭೂಮಿ ಎಂಬ ಕಾನೂನು ಗಟ್ಟಿಯಾಗಿ ಬಂದದ್ದು 1974ರಲ್ಲಿ. ಗೇಣಿಗೆ ಉಳುತ್ತಿದ್ದವರ ಹೊಲ ಅವರದ್ದಾಗುವ ಹತ್ತು ವರ್ಷ ಮೊದಲೇ ನೀರಿನಡಿ ಹೋಯಿತು. ಗುಡ್ಡದ ಮೇಲೆ, ಕಾಡಿನಂಚಿನಲ್ಲಿ ಸರ್ಕಾರ ತೋರಿಸಿದ ಜಾಗದಲ್ಲಿ ಗುಡಿಸಲು ಹಾಕಿ ತೋಟ ಎಬ್ಬಿಸಿದವರಿಗೆ ಆಮೇಲೆ ಕಾಡಿನ ಕಾನೂನು ಅಡ್ಡ ಬಂತು. ಹಕ್ಕುಪತ್ರದ ತಕರಾರು ಕೋರ್ಟು, ಕಚೇರಿ, ದೆಹಲಿ ಎಂದು ಅಲೆಯುತ್ತಾ, ಸೇತುವೆ ತೆರೆದ 2025ರಲ್ಲೂ ಬಗೆಹರಿದಿರಲಿಲ್ಲ. ನೀರು ದಾಟಲು ಸೇತುವೆ ಸಿಕ್ಕಿತು. ಕಂದಾಯ ಇಲಾಖೆ ಮತ್ತು ಅರಣ್ಯ ಇಲಾಖೆಯ ನಡುವೆ ಸೇತುವೆ ಕಟ್ಟುವ ಇಂಜಿನಿಯರು ಇನ್ನೂ ಹುಟ್ಟಬೇಕು.

ನಾಲ್ಕನೆಯದು ಸೇತುವೆಯದ್ದೇ. ಕಟ್ಟುವುದು ಒಂದು ಕೆಲಸ, ಕಾಯುವುದು ಇನ್ನೊಂದು. ಪಕ್ಕದ ಜಿಲ್ಲೆಯಲ್ಲಿ, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕಳಚಿ ನೀರಿಗೆ ಬಿತ್ತು. ಅದಕ್ಕೆ ನಲವತ್ತು ವರ್ಷ ಚಿಲ್ಲರೆ ಅಷ್ಟೇ ವಯಸ್ಸು. ಅದರ ಮೇಲಿದ್ದ ಲಾರಿಯೂ ಬಿತ್ತು, ಚಾಲಕ ಜೀವಸಹಿತ ಸಿಕ್ಕಿದ್ದು ದೊಡ್ಡ ಮಾತು. ಸಿಗಂದೂರಿನ ಸೇತುವೆ ತಂತಿಗಳ ಮೇಲೆ ನಿಂತದ್ದು. ತಂತಿಯ ಬುಡದಲ್ಲಿ ನೀರು ನಿಲ್ಲದಂತೆ, ತುಕ್ಕು ಹಿಡಿಯದಂತೆ ನೋಡಬೇಕು. ಜೋಡಣೆಗಳನ್ನು, ಹಾಸಿನ ಕೆಳಗಿನ ಬೇರಿಂಗುಗಳನ್ನು ವರ್ಷ ವರ್ಷ ಪರೀಕ್ಷಿಸಬೇಕು. ವರ್ಷದಲ್ಲಿ ನಾಲ್ಕು ತಿಂಗಳು ಸುರಿಯುವ ಸೀಮೆಯಲ್ಲಿ ಇದು ಮುಂದೂಡುವ ಕೆಲಸವಲ್ಲ. ಉದ್ಘಾಟನೆಗೆ ಜಗಳ ಆಡಿದವರು ಇದಕ್ಕೂ ಜಗಳ ಆಡಲಿ, ಊರಿಗೆ ಉಪಕಾರ.

ನಡುಬೇಸಿಗೆಯಲ್ಲಿ ನೀರು ಇಳಿದಾಗ ಹಿನ್ನೀರಿನ ದಡದಲ್ಲಿ ಹಳೆಯ ಊರುಗಳ ಗುರುತು ಕಾಣುತ್ತದೆ. ಬಾವಿಯ ಕಟ್ಟೆ, ಮನೆಯ ಅಡಿಪಾಯ, ಕಪ್ಪುಗಟ್ಟಿದ ಮರದ ಬೊಡ್ಡೆ. ಸೇತುವೆಯ ಮೇಲೆ ಗಂಟೆಗೆ ಅರವತ್ತು ಕಿಲೋಮೀಟರ್ ಓಡುವ ಕಾರಿನಿಂದ ಇವು ಕಾಣುವುದಿಲ್ಲ. ನಡೆದು ಹೋಗುವವರಿಗೆ ಕಾಣುತ್ತದೆ. ಸೇತುವೆಯ ಅಂಚಿನಲ್ಲಿ ನಿಂತು ಮೊಮ್ಮಕ್ಕಳಿಗೆ "ಅಗೋ, ಅಲ್ಲಿ ನಮ್ಮ ಗದ್ದೆ ಇತ್ತು" ಎಂದು ಬೆರಳು ತೋರಿಸುವ ಅಜ್ಜಂದಿರು ಇನ್ನೂ ಇದ್ದಾರೆ. ಹಕ್ಕುಪತ್ರ ಅವರ ಕೈಗೆ ಬರಬೇಕಾದರೆ ಅವರಿರುವಾಗಲೇ ಬರಲಿ. ಅದಕ್ಕೂ ಇನ್ನೊಂದು ಅರವತ್ತು ವರ್ಷ ತೆಗೆದುಕೊಳ್ಳುವುದು ಬೇಡ.